ಟವರ್ ಸಾಹುಕಾರ್ರು

ದೇವದುರ್ಗದ ಬಸ್ ನಿಲ್ದಾಣದ ಗೋಡೆಗೆ ಕಟ್ಟಿದ್ದ ಶ್ರದ್ಧಾಂಜಲಿಯ ಫ್ಲೆಕ್ಸಿನ ಮುಂದೆ ನಾನು ಎರಡು ಸಲ ಓಡಾಡಿದೆ, ಗುರುತು ಹತ್ತಲಿಲ್ಲ. ರಾಯಚೂರು ಬಸ್ಸು ತಡವಾಗಿ, ಓದಲಿಕ್ಕೆ ಬೇರೇನೂ ಇಲ್ಲದೆ, ಮೂರನೆಯ ಸಲ ಹೆಸರು ಓದಿದೆ. ಓದಿದವಳು ಶೇಂಗಾ ಮಾರುವವಳ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟೆ. ಜೀವಮಾನವೆಲ್ಲ ಖಾಕಿ ಅಂಗಿಯಲ್ಲೇ ಕಳೆದ ಮನುಷ್ಯನಿಗೆ ಸ್ಟುಡಿಯೋದವರು ಸತ್ತ ಮೇಲೆ ಕಂಪ್ಯೂಟರಿನಲ್ಲಿ ಕೋಟು ತೊಡಿಸಿದ್ದರು, ಹಿಂದೆ ಹಿಮದ ಗುಡ್ಡ ಇಟ್ಟಿದ್ದರು. ಬಲಗಿವಿಯ ಮೇಲೆ ಪೆನ್ನು ಇರಲಿಲ್ಲ. ಪೆನ್ನಿಲ್ಲದ ಆ ಕಿವಿಯನ್ನು ನಾನು ಹೇಗೆ ಗುರುತು ಹಿಡಿಯಬೇಕು?

ಅವರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ನಾನು ಕಣ್ಣಿನ ಪೊರೆ ತೆಗೆಸಿಕೊಂಡು ಕಲಬುರಗಿಯಲ್ಲಿ ಅಣ್ಣನ ಮನೆಯಲ್ಲಿದ್ದೆ, ಯಾರೂ ಹೇಳಲಿಲ್ಲ. ಹೇಳಲಿಕ್ಕೆ ನಾನೇನು ಅವರ ಬಳಗವೇ? ಕೆಲವು ವರ್ಷ ಅವರ ಬಸ್ಸಿನಲ್ಲಿ ಓಡಾಡಿದವಳು, ಆಮೇಲೆ ಅವರ ಒಂದು ಕಾಗದ ಓದಿಕೊಟ್ಟವಳು, ಅಷ್ಟೇ. ಆದರೆ ಆ ಕಾಗದ ಓದಿದ ದಿನದ ಬಗ್ಗೆ ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ 'ಟವರ್ ಮೇಲೆ ರೊಕ್ಕ ಹಾಕಿ ಮುಳುಗಿದ ಮುದುಕ' ಎಂದು ನಗಬಹುದು. ನಕ್ಕು ಬಿಡುವಂಥ ಮನುಷ್ಯರಲ್ಲ ಅವರು.

ಆಗ ನಾನು ಜಾಲಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ದೇವದುರ್ಗದಲ್ಲಿ ಬಾಡಿಗೆ ಮನೆ. ಮುಂಜಾನೆಯ ಜಾಲಹಳ್ಳಿ ಬಸ್ಸಿಗೆ ಅವರು ಕಂಡಕ್ಟರು. ಸಣ್ಣ ಆಳು, ದೊಡ್ಡ ದನಿ. ಸೀಟು ಖಾಲಿ ಇದ್ದರೂ ಕೂಡುತ್ತಿರಲಿಲ್ಲ. ಅವರದೊಂದು ಕಾಯಿದೆ ಇತ್ತು: ಇಳಿಯೋರು ಮೊದಲು. ಬಸ್ಸು ನಿಂತ ಕೂಡಲೇ ಕೆಳಗಿನಿಂದ ಜನ ನುಗ್ಗಿದರೆ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಲ್ಲುತ್ತಿದ್ದರು. ಒಮ್ಮೆ ಬಿಳಿ ಅಂಗಿಯ ಮುಖಂಡನೊಬ್ಬ, "ನಾ ಯಾರು ಗೊತ್ತದ ಏನು?" ಎಂದು ಅವರ ಕೈ ಸರಿಸಲು ಹೋದ.

"ಗೊತ್ತದ ಬಿಡ್ರಿ ಯಪ್ಪಾ. ಒಳಗ ಕುಂತಾಕಿ ಮುದುಕಿ ಇಳೀಲಿಲ್ಲಂದ್ರ ನೀವು ಎಲ್ಲಿ ಕುಂದರತೀರಿ, ಆಕಿ ತೊಡಿಮ್ಯಾಲ?" ಎಂದರು.

ಇಡೀ ಬಸ್ಸು ನಕ್ಕಿತು. ಮುಖಂಡನೂ ನಕ್ಕ, ಬೇರೆ ದಾರಿ ಇರಲಿಲ್ಲ ಪಾಪ.

ಮೊಬೈಲು ಎಲ್ಲರ ಕೈಗೆ ಬಂದ ಹೊಸದು. ಬಸ್ಸಿನ ನಡುವೆ ನಿಂತಿರುವ ಕಂಡಕ್ಟರಿಗೆ ಎಲ್ಲರ ಮಾತೂ ಕೇಳುತ್ತದೆ, ಯಾರ ಮಾತು ಎಲ್ಲಿ ಕಡಿಯುತ್ತದೆ ಎಂಬುದೂ ತಿಳಿಯುತ್ತದೆ. ಒಂದು ಹಳ್ಳ ದಾಟಿದ ಕೂಡಲೇ ಬಸ್ಸಿನಲ್ಲಿದ್ದ ಎಲ್ಲರೂ ಒಟ್ಟಿಗೆ "ಹಲೋ, ಹಲೋ, ಕೇಳಸವಲ್ದು" ಎನ್ನಲು ಹತ್ತುತ್ತಿದ್ದರು. ಇವರು ಟಿಕೀಟು ಹರಿಯುತ್ತಲೇ, "ಇಟ್ಟುಬಿಡ್ರಿ, ಇಟ್ಟುಬಿಡ್ರಿ. ಇಲ್ಲಿಂದ ಆ ಹುಣಸಿಮರದ ತನಕ ದೇವರಿಗೂ ಸಿಗಂಗಿಲ್ಲ" ಎನ್ನುತ್ತಿದ್ದರು. ಅಂಥ ಜಾಗಗಳಿಗೆಲ್ಲ 'ಹಲೋ ಸ್ಟೇಜ್' ಎಂದು ಅವರೇ ಹೆಸರಿಟ್ಟಿದ್ದರು. ಮುಂದೆ ಮಾನ್ವಿ ದಾರಿಗೆ ಡ್ಯೂಟಿ ಬಿದ್ದಾಗ ಅಲ್ಲಿಯ ಹಲೋ ಸ್ಟೇಜುಗಳೂ ಅವರಿಗೆ ಬಾಯಿಪಾಠವಾದವು.

ಅವರ ಒಬ್ಬನೇ ಮಗನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತಿಲ್ಲ. ರಾಯಚೂರಿನಲ್ಲಿ ಅಂಥ ಮಕ್ಕಳ ಶಾಲೆಯಲ್ಲಿ ಓದಿ, ಹೊಲಿಗೆ ಕಲಿತು, ದೇವದುರ್ಗದ ಒಂದು ಅಂಗಡಿಯಲ್ಲಿ ಕುಪ್ಪಸ ಹೊಲಿಯುತ್ತಿದ್ದ. ತಾಯಿ ಅವನ ಸಣ್ಣಂದಿನಲ್ಲೇ ಹೋಗಿದ್ದಳು. ಸೂಟಿ ದಿನ ಮಗನೂ ಅಪ್ಪನ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದ. ಅವನನ್ನು ಕರೆಯಬೇಕಾದರೆ ಇವರು ಮುಂದಿನಿಂದಲೇ ಬಸ್ಸಿನ ಕಬ್ಬಿಣದ ಕಂಬಿಗೆ ನಾಣ್ಯದಿಂದ ಎರಡು ಬಡಿಯುತ್ತಿದ್ದರು. ಕಂಬಿ ಹಿಡಿದು ಕೂತ ಮಗ ತಟ್ಟನೆ ತಿರುಗಿ ನೋಡುತ್ತಿದ್ದ. ಕಿವಿಗೆ ಬರದ್ದು ಅಂಗೈಗೆ ಬರುತ್ತಿತ್ತು. ಎರಡು ಬಡಿತ ಅಂದರೆ ಅಪ್ಪ. ಬೇರೆ ಯಾರೂ ಅವನನ್ನು ಹಾಗೆ ಕರೆಯುತ್ತಿರಲಿಲ್ಲ.

ಒಂದು ದಿನ ಬಸ್ಸು ಪಂಕ್ಚರಾಗಿ ಜಾಲಿಗಿಡದ ನೆರಳಿಗೆ ನಿಂತಿದ್ದಾಗ, ಅವರು ಯಾವ ಪೀಠಿಕೆಯೂ ಇಲ್ಲದೆ ಕೇಳಿದರು:

"ಟೀಚರ್ರೀ, ನೀವು ಓದಿದೋರು, ಹೇಳ್ರಿ. ನಾ ಇಳದ ಮ್ಯಾಲ ಇವನ ಟಿಕೀಟು ಯಾರು ತಗಸ್ತಾರ?"

"ಅವನೇ ತಗಸ್ತಾನ. ದುಡಿಯಾಕತ್ಯಾನಲ್ಲ," ಎಂದೆ.

"ಅಂಗಡಿ ಮಾಲಕ ಇವತ್ತು ಒಳ್ಳೇವ ಇದ್ದಾನ. ನಾಳಿ ರೆಡಿಮೇಡ್ ಬಂದು ಅಂಗಡಿ ಮುಚ್ಚಿದ್ರ? ಕೂಲಿ ಕಡಿಮಿ ಕೊಟ್ರ ಜಗಳ ಮಾಡಾಕ ಬಾಯಿ ಎಲ್ಲದ ಅವಂಗ?"

ಅವರು ಇಡೀ ಜೀವ ಇಟ್ಟುಕೊಂಡು ಹುಡುಕಿದ್ದು ಈ ಒಂದು ಪ್ರಶ್ನೆಗೆ ಉತ್ತರವನ್ನು.

ಉತ್ತರ ಜೀಪಿನಲ್ಲಿ ಬಂತು. ಮೊಬೈಲ್ ಕಂಪನಿಯವರು ಟವರ್ ಹಾಕಲಿಕ್ಕೆ ಜಾಗ ಹುಡುಕುತ್ತ ನಮ್ಮ ಕಡೆ ತಿರುಗಾಡಿದಾಗ, ನಿಲ್ದಾಣದಲ್ಲಿ ಯಾರೋ ಇವರ ಕಡೆ ಬೆರಳು ಮಾಡಿದರು. ಇವರು ರಜೆ ಹಾಕಿ ಆ ಜೀಪಿನಲ್ಲಿ ಕೂತು ತಮ್ಮ ಹಲೋ ಸ್ಟೇಜುಗಳನ್ನೆಲ್ಲ ತೋರಿಸಿದರು. ಕಂಪನಿಯವರ ಯಂತ್ರವೂ ಅದನ್ನೇ ಹೇಳಿತಂತೆ. ಟವರುಗಳು ಎದ್ದವು. ಹೊಲದ ಮೂಲೆಯ ಒಂದು ತುಂಡು ನೆಲಕ್ಕೆ ಕಂಪನಿ ತಿಂಗಳಾ ಬಾಡಿಗೆ ಕೊಡುತ್ತದೆ, ಮಳೆ ಬಂದರೂ ಕೊಡುತ್ತದೆ, ಬರದಿದ್ದರೂ ಕೊಡುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡರು. ತಲೆಯಲ್ಲಿ ಅಂದೇ ಒಂದು ಹುಳ ಹೊಕ್ಕಿತು.

ನಿವೃತ್ತರಾದಾಗ ಕೈಗೆ ಒಂದಿಷ್ಟು ಗಂಟು ಬಂತು. ಬಸ್ಸಿನವರಿಗೆ ನಮ್ಮಂಥ ಮಾಸ್ತರಿಕೆಯವರ ಹಾಗೆ ಪಿಂಚಣಿ ಎಲ್ಲಿ? ಬರುವುದು ಚಹಾಪುಡಿಗೆ ಆಗುವಷ್ಟು. ಈ ಗಂಟೇ ಎಲ್ಲ. ಪ್ಲಾಟು ತಗೊಳ್ಳಿ ಎಂದರು ಜೊತೆಯವರು. "ಪ್ಲಾಟಿನ್ಯಾಗ ಹುಲ್ಲು ಬೆಳೀತದ, ಟಾವರಿನ್ಯಾಗ ಬಾಡಿಗಿ ಬೆಳೀತದ" ಎಂದರು ಇವರು. ಟವರ್ ಇದ್ದ ಹೊಲದವರಿಗೆ ಒಮ್ಮೆಲೆ ದೊಡ್ಡ ಗಂಟಿನ ಜರೂರು ಬಿದ್ದಾಗ, ಅದನ್ನು ಕೊಟ್ಟು, ಮುಂದಿನ ಹದಿನೈದು ವರ್ಷದ ಬಾಡಿಗೆ ತಮಗೆ ಬರುವಂತೆ ಬರೆಸಿಕೊಳ್ಳುವುದು ಅವರ ಲೆಕ್ಕ. ಹಾಗೆ ಮೂರು ಕಡೆ ಮಾತಾಡಿದ್ದರು: ಜಾಲಹಳ್ಳಿಯ ಒಂದು ಮಾಳಿಗೆ, ಹಿರೇಕೊಟ್ನೆಕಲ್ಲಿನ ಒಂದು ಗದ್ದೆಬದು, ಬಾಗಲವಾಡದಲ್ಲಿ ಕುರಿ ಸಾಕುವ ಒಬ್ಬ ಅಜ್ಜಿಯ ಹೊಲ.

ದಡ್ಡರಾಗಿರಲಿಲ್ಲ. ಅದನ್ನು ಒತ್ತಿ ಹೇಳುತ್ತೇನೆ. ಆಗ ನಮ್ಮ ಕಡೆ, 'ನಿಮ್ಮ ಮನೆ ಮೇಲೆ ಟವರ್ ಹಾಕುತ್ತೇವೆ, ಮೊದಲು ಫೀ ಕಟ್ಟಿ' ಎಂದು ಫೋನು ಮಾಡಿ ಜನರನ್ನು ದೋಚುತ್ತಿದ್ದ ಕಳ್ಳರಿದ್ದರು. "ಟಾವರ್ ಹಾಕಾಂವ ರೊಕ್ಕ ಕೊಡ್ತಾನ, ಕೇಳಂಗಿಲ್ಲ" ಎಂದು ಹೇಳಿ ಎಷ್ಟೋ ಮಂದಿಯನ್ನು ಉಳಿಸಿದವರು ಇವರು.

ನಾನು ಆ ಹೊತ್ತಿಗೆ ವರ್ಗವಾಗಿ ರಾಯಚೂರಿಗೆ ಬಂದಿದ್ದೆ. ಒಂದು ಮಧ್ಯಾಹ್ನ ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದು ಮನೆಗೆ ಬಂದರು. ಕಂಪನಿ ಹೊಲದವರಿಗೆ ಬರೆದುಕೊಟ್ಟ ಕರಾರು ಇಂಗ್ಲಿಷಿನಲ್ಲಿತ್ತು.

"ಓದಿ ಹೇಳ್ರಿ. ವಕೀಲ ಓದಿದ್ರ ಫೀಸು ತಗೊಂತಾನ, ನೀವು ಚಹಾ ಕೊಡ್ತೀರಿ," ಎಂದರು.

ಚಹಾ ಕೊಟ್ಟೆ, ಓದಿದೆ. ನಾಲ್ಕನೆಯ ಪುಟದಲ್ಲಿ ನಿಂತೆ. ಹೊಲದವರು ಹದಿನೈದು ವರ್ಷ ಕಂಪನಿಯನ್ನು ಬಿಡಿಸುವಂತಿಲ್ಲ. ಕಂಪನಿ ಮಾತ್ರ ಯಾವ ಕಾರಣವನ್ನೂ ಹೇಳದೆ, ಮೂರು ತಿಂಗಳ ನೋಟೀಸು ಕೊಟ್ಟು ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ಅದನ್ನು ಎರಡು ಸಲ ಬಿಡಿಸಿ ಹೇಳಿದೆ. ಅವರು ಕಿವಿಯ ಪೆನ್ನು ತೆಗೆದು ಮೇಜಿನ ಮೇಲೆ ಇಟ್ಟು ನಕ್ಕರು.

"ಟೀಚರ್ರೀ, ನೀವು ಯಾವತ್ತಾರ ಹೊಲ ಲಾವಣಿಗಿ ಕೊಟ್ಟೀರೇನು?"

"ನಮಗೆಲ್ಲಿ ಹೊಲ ಅದ, ಗುತ್ತಿಗಿ ಕೊಡಾಕ."

"ಅದಕ್ಕ ಹಂಗಂತೀರಿ. ಯುಗಾದಿಗಿ ಹಿಡದ ಹೊಲ ಯುಗಾದಿಗೇ ಬಿಡಬೇಕು. ನಡುವ ಬಿಟ್ಟು ಓಡಿದಾಂವಗ ಮತ್ತ ಯಾರೂ ಹೊಲ ಕೊಡಂಗಿಲ್ಲ. ಬಿಡಾಂವ ಹೊಲ ಹಸನ ಮಾಡಿ ಬಿಡಬೇಕು, ಕಲ್ಲು ಮುಳ್ಳು ಆರಿಸಿ. ಇದು ನಮ್ಮಜ್ಜನ ಕಾಲದಿಂದ ಅದ. ಕಾಗದದಾಗ ಏನರ ಬರಕೊಂಡಿರ್ಲಿ, ಇಷ್ಟು ದೊಡ್ಡ ಕಂಪನಿಗಿ ಮರ್ಯಾದಿ ಇರಂಗಿಲ್ಲೇನು? ಅಷ್ಟು ಸಿಮೆಂಟು, ಅಷ್ಟು ಕಬ್ಬಣ ನೆಲದಾಗ ಹುಗದಾಂವ ನಡುವ ಎದ್ದು ಹೋಗ್ತಾನೇನು?"

ಇನ್ನೊಮ್ಮೆ ಹೇಳಿದೆ. ಅವರು ಇನ್ನೊಮ್ಮೆ ಯುಗಾದಿಯ ಮಾತು ಹೇಳಿದರು. ಕೊನೆಗೆ ನನ್ನ ಮುಖ ನೋಡಿ, ನಗು ಬಿಟ್ಟು ಕೇಳಿದರು: "ಹೋಗ್ಲಿ, ನೀವೇ ಹೇಳ್ರಿ. ಹಾಕ್ಲೋ ಬ್ಯಾಡೋ?"

'ಬ್ಯಾಡ' ಎನ್ನಬೇಕಿತ್ತು. ಎರಡೇ ಅಕ್ಷರ. ತರಗತಿಯಲ್ಲಿ ಮಕ್ಕಳಿಗೆ ದಿನಕ್ಕೆ ನೂರು ಸಲ ಅನ್ನುತ್ತಿದ್ದೆ. ಆದರೆ ದೊಡ್ಡವರ ರೊಕ್ಕದ ಮಾತಿನಲ್ಲಿ ನಾನ್ಯಾಕೆ ಎಂದುಕೊಂಡೆ. ಅವರು ಹಾಕದೆ ಬಿಟ್ಟು ನಾಳೆ ಬೇರೆಯವರಿಗೆ ಲಾಭ ಬಂದರೆ 'ಈ ಟೀಚರ್ ಮಾತು ಕೇಳಿ ಕೆಟ್ಟೆ' ಎಂದಾರು ಎಂದು ಅಂಜಿದೆ. ಅವರ ಮುಖದಲ್ಲಿ ಮಗನ ಚಿಂತೆ ಮೊದಲ ಸಲ ಹಗುರಾಗಿತ್ತು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ.

"ನಿಮಗ ತಿಳಿದಂಗ ಮಾಡ್ರಿ," ಎಂದೆ.

ಇಂಥ ಹೇಡಿ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

ಮೂರು ವರ್ಷ ಚೆನ್ನಾಗಿಯೇ ನಡೆಯಿತು. ತಿಂಗಳಾ ಬಾಡಿಗೆ ಬಂತು. ದೇವದುರ್ಗದವರು 'ಟವರ್ ಸಾಹುಕಾರ್ರು' ಎಂದು ಕರೆಯಲು ಹತ್ತಿದರು, ಮೊದಲು ಚೇಷ್ಟೆಗೆ, ಆಮೇಲೆ ಖರೆಯಾಗಿಯೇ. ನಮ್ಮ ರೊಕ್ಕವನ್ನೂ ಹಾಕಿಸಿ ಎಂದು ಬಂದವರನ್ನು ಒಬ್ಬರನ್ನೂ ಹತ್ತಿಸಿಕೊಳ್ಳಲಿಲ್ಲ. "ಇದು ನನ್ನ ಮಗನ ಸೀಟು. ಬ್ಯಾರೆದಾರಿಗಿ ಜಾಗ ಇಲ್ಲ" ಎಂದರು. ಟವರುಗಳಿಗೆ ಅವರು ಇಟ್ಟ ಹೆಸರು ಸೊಸಿಯಂದಿರು. "ನನ್ನ ಮಗಗ ಯಾರೂ ಹೆಣ್ಣು ಕೊಡಲಿಲ್ರಿ. ಮೂರು ಮಂದಿ ಸೊಸಿ ನಾನೇ ತಂದೀನಿ. ಮಾತಾಡಂಗಿಲ್ಲ, ಜಗಳ ಆಡಂಗಿಲ್ಲ, ಹೊತ್ತಿಗಿ ಊಟ ಹಾಕ್ತಾರ."

ಯುಗಾದಿಗೆ ಲಾವಣಿ ಹಿಡಿದವನು ಹೊಲದವರ ಮನೆಗೆ ಕಾಯಿ, ಎಲೆ ಅಡಿಕೆ ಇಟ್ಟುಕೊಂಡು ಬಂದು, ಮುಂದಿನ ವರ್ಷಕ್ಕೂ ಹೊಲ ಹಿಡಿದಿದ್ದೇನೆ ಎನ್ನುವುದು ಪದ್ಧತಿ. ಕಂಪನಿ ಬರಲಿಲ್ಲ. ಬರುತ್ತದೆ ಎಂದು ಇವರು ಮೊದಲ ಯುಗಾದಿಯಲ್ಲಿ ಬಾಗಲವಾಡದ ಹೊಲದಲ್ಲಿ ಮಧ್ಯಾಹ್ನದ ತನಕ ಕಾದರಂತೆ. ಬಂದವನು ಟವರಿನ ಜನರೇಟರಿಗೆ ಡೀಸೆಲ್ ಹಾಕುವ ಮನುಷ್ಯ, ನಲವತ್ತು ದಾಟಿದವ, ಹಳೆಯ ಬೈಕಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು. ಕಂಪನಿ ಕಡೆಯಿಂದ ಆ ಹೊಲಕ್ಕೆ ಕಾಲಿಡುವವನು ಅವನೊಬ್ಬನೇ. ಇವರು ತಾವೇ ಕಾಯಿ ತರಿಸಿ ಅವನ ಕೈಗಿಟ್ಟರು.

"ನಂಗ್ಯಾಕ್ರಿ ಯಜಮಾನ್ರ?" ಎಂದನಂತೆ ಅವನು.

"ಕಂಪನಿ ಅಂದ್ರ ಸದ್ಯಕ್ಕ ನೀನಪಾ. ನೀ ತರಬೇಕಿತ್ತು, ತರಲಿಲ್ಲ. ಇರ್ಲಿ, ನಾನೇ ಕೊಡ್ತೀನಿ. ತಗೊಂಡಿ ಅಂದ್ರ ಮುಂದಿನ ಯುಗಾದಿ ತನಕ ಮಾತು ಆತು."

ಅವನು ತಗೊಂಡ. ಪ್ರತಿ ಯುಗಾದಿಗೂ ತಗೊಂಡ. ಮೂರನೆಯ ಯುಗಾದಿಗೆ ನಾನೂ ಹೋಗಿದ್ದೆ, ಅವರೇ ಒತ್ತಾಯ ಮಾಡಿ ಕರೆದಿದ್ದರು. ಅಜ್ಜಿ ಬೇವುಬೆಲ್ಲ ಕೊಟ್ಟಳು. ಇವರು ಕೊಟ್ಟಿದ್ದ ಗಂಟಿನಲ್ಲಿ ಅವಳು ಕುರಿ ಹಿಂಡು ಮಾಡಿ ಗಟ್ಟಿಯಾಗಿದ್ದಳು. ಇವರು ಟವರಿನ ಒಂದು ಕಾಲಿಗೆ ಕಲ್ಲಿನಿಂದ ಎರಡು ಬಡಿದರು. ಎದುರಿನ ಕಾಲಿಗೆ ಅಂಗೈ ಇಟ್ಟು ನಿಂತಿದ್ದ ಮಗ ನಕ್ಕ. ನಾನೂ ಅಂಗೈ ಇಟ್ಟು ನೋಡಿದೆ. ಬಂತು. ಸಣ್ಣಗೆ, ಆದರೆ ಬಂತು. ಮಗ ಅಲ್ಲಿಂದಲೇ ಫೋನಿನಲ್ಲಿ ರಾಯಚೂರಿನ ತನ್ನ ಶಾಲೆಯ ಗೆಳೆಯನ ಮುಖ ತಂದು, ಇಬ್ಬರೂ ಕೈಯಲ್ಲಿ ಮಾತಾಡಿದರು. ಅಪ್ಪ ಅದನ್ನು ನೋಡುತ್ತ, "ನೋಡ್ರಿ, ಇವನ ಮಾತಿಗೂ ಟಾವರ್ ಬೇಕಾತು" ಎಂದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ನೋಟೀಸು ಬಂದದ್ದು ಅದಾಗಿ ತಿಂಗಳೊಳಗೆ. ಮೂರೂ ಟವರಿನದ್ದು ಒಂದೇ ಲಕೋಟೆಯಲ್ಲಿ. ಎರಡು ಕಂಪನಿ ಒಂದಾಗಿದ್ದವು. ಹತ್ತಿರ ಹತ್ತಿರ ಎರಡು ಟವರ್ ಯಾಕೆ ಎಂದು ಒಂದನ್ನು ತೆಗೆಯುವುದಿತ್ತು. ಇವರ ಮೂರೂ ತೆಗೆಯುವ ಪಟ್ಟಿಯಲ್ಲಿದ್ದವು. ಫೈಲು ಹಿಡಿದು ರಾಯಚೂರಿಗೆ ಬಂದರು. ಚಹಾ ಬೇಡ ಎಂದರು.

"ಆ ನಾಕನೇ ಪುಟ ಓದ್ರಿ."

ಓದಿ ಅರ್ಥ ಹೇಳಿದೆ.

"ಇನ್ನೊಮ್ಮಿ ಓದ್ರಿ."

ಓದಿದೆ.

"ಸಾವಕಾಶ ಓದ್ರಿ. ಬ್ಯಾರೆ ಅರ್ಥ ಏನರ ಬರ್ತದೇನು ನೋಡ್ರಿ."

ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದೆ. ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದವಳು, ಆ ನಾಲ್ಕು ಸಾಲಿನಿಂದ ಒಂದು ಒಳ್ಳೆಯ ಅರ್ಥ ಹೊರಡಿಸಲಾರದೆ ಹೋದೆ.

"ಬರಂಗಿಲ್ರಿ," ಎಂದೆ.

"ನೀವು ಅವತ್ತೇ ಹೇಳಿದ್ರಿ," ಎಂದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕಂಪನಿಗೆ ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ, ಮಗನ ವಿಷಯವನ್ನೂ ಬರೆದೆ. ಮೂರಕ್ಕೂ ಸೇರಿ ಫೋನಿಗೆ ಒಂದು ಸಾಲು ಬಂತು: ನಿಮ್ಮ ದೂರನ್ನು ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ. ವಕೀಲರೊಬ್ಬರಿಗೂ ತೋರಿಸಿದೆವು. ಅವರು ನಾಲ್ಕನೆಯ ಪುಟಕ್ಕೆ ಬಂದು ಫೈಲು ಮುಚ್ಚಿ ಕೊಟ್ಟರು, ಫೀಸು ಕೂಡ ಕೇಳಲಿಲ್ಲ.

ಬಾಗಲವಾಡದ ಟವರ್ ಬಿಚ್ಚುವ ದಿನ ನನಗೆ ಫೋನು ಮಾಡಿದರು. "ಬರ್ರಿ ಅನ್ನಂಗಿಲ್ಲ. ಆದ್ರ ಒಬ್ನೇ ನೋಡಾಕ ಆಗವಲ್ದು," ಎಂದರು. ಹೋದೆ. ಮಗನಿಗೆ ಹೇಳದೆ ಬಂದಿದ್ದರು. ಕ್ರೇನು, ಎರಡು ಲಾರಿ, ಹೊರಗಿನ ಆಳುಗಳು. ಡೀಸೆಲ್ ಹಾಕುವ ಮನುಷ್ಯನೂ ಒಂದು ಬದಿಗೆ ನಿಂತಿದ್ದ. ಇವರು ನೇರ ಅವನ ಹತ್ತಿರ ಹೋದರು. ಜಗಳಕ್ಕೆ ಹೊರಟರು ಎಂದು ನಾನು ಹಿಂದೆಯೇ ಹೋದೆ.

"ಕಾಯಿ ತಗೊಂಡಿದ್ದೆಲ್ಲಪಾ," ಎಂದರು. ದನಿ ಏರಲಿಲ್ಲ. "ಯುಗಾದಿಗಿ ತಗೊಂಡಿ. ಇನ್ನಾ ಮುಂದಿನ ಯುಗಾದಿ ಬಂದಿಲ್ಲ."

ಅವನು ತಲೆ ತಗ್ಗಿಸಿದ. "ಯಜಮಾನ್ರ, ಇವತ್ತಿಂದ ನಂದೂ ಕೆಲಸ ಹೋತ್ರಿ. ನೀವು ಕಾಯಿ ಯಾಕ ಕೊಡ್ತೀರಂತ ನಂಗ ಖರೇನ ತಿಳೀಲಿಲ್ರಿ. ಮನ್ಯಾಗ ಚಟ್ನಿ ಮಾಡಿಸಿ ತಿಂದೀನ್ರಿ."

ಇವರು ಅವನ ಹೆಗಲ ಮೇಲೆ ಕೈ ಇಟ್ಟರು. ಯಾರ ಮೇಲೆ ಸಿಟ್ಟಾಗಬೇಕು? ಎದುರಿಗೆ ನಿಲ್ಲಿಸಿ ಬೈಯಲಿಕ್ಕೆ ಕಂಪನಿ ಅನ್ನುವ ಒಬ್ಬ ಮನುಷ್ಯನೂ ಸಿಗಲಿಲ್ಲ. ಸಿಕ್ಕವನು ಚಟ್ನಿ ತಿಂದವನು ಒಬ್ಬ.

ಸಂಜೆ ಹೊತ್ತಿಗೆ ಟವರ್ ತುಂಡು ತುಂಡಾಗಿ ಲಾರಿಗೆ ಹೋಯಿತು. ಲಾರಿ ಹಿಂದಕ್ಕೆ ಬರುವಾಗ ಚಾಲಕನಿಗೆ ಕಾಣದೆ ಅಜ್ಜಿಯ ಕುರಿಹಟ್ಟಿಯ ಬೇಲಿಗೆ ತಾಗುವುದರಲ್ಲಿತ್ತು. ಇವರು ಓಡಿಹೋಗಿ ಹಿಂದೆ ನಿಂತು, ಲಾರಿಯ ಪಕ್ಕಕ್ಕೆ ಕೈ ಬಡಿಯುತ್ತ, "ಬರ್ಲಿ, ಬರ್ಲಿ, ಎಡಕ್ಕ ಹೊಡಿ, ಹೋಲ್ಡಾನ್, ರೈಟ್" ಎಂದು ದಾರಿ ತೋರಿಸಿದರು. ತಮ್ಮ ಮಗನ ಅನ್ನವನ್ನು ತಾವೇ ಹಾದಿ ಮಾಡಿ ಕಳಿಸಿಕೊಟ್ಟರು. ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ, ಬೆವರು ಒರೆಸಿಕೊಂಡರು.

ಹೊಲದಲ್ಲಿ ಉಳಿದದ್ದು ಕಾಂಕ್ರೀಟಿನ ಕಟ್ಟೆ, ನಾಲ್ಕು ಮೂಲೆಗೆ ಮೊಣಕೈಯುದ್ದದ ಬೋಲ್ಟುಗಳು. ಮರುವಾರದಿಂದ ಟವರ್ ಸಾಹುಕಾರ್ರು ಹೊಸ ಕೆಲಸ ಹಿಡಿದರು. ಪ್ರತಿ ಭಾನುವಾರ ಮಾನ್ವಿ ಬಸ್ಸು ಹಿಡಿದು ಬಾಗಲವಾಡಕ್ಕೆ ಹೋಗುವುದು, ಸುತ್ತಿಗೆ ಹಾರೆಯಿಂದ ಆ ಕಟ್ಟೆ ಒಡೆಯುವುದು. ಕಂಪನಿ ಹೊಲ ಹಸನು ಮಾಡದೆ ಹೋಗಿತ್ತು. ಹಸನು ಮಾಡಿಸಿಯೇ ಬಿಡಿಸುತ್ತೇನೆಂದು ಅಜ್ಜಿಗೆ ಮಾತು ಕೊಟ್ಟವರು ಇವರು. ಒಂದಾಳುದ್ದ ನೆಲದೊಳಕ್ಕೆ ಇಳಿದ ಕಾಂಕ್ರೀಟು. ಇಡೀ ದಿನ ಹೊಡೆದರೆ ಒಂದು ಬುಟ್ಟಿ ಚೂರು. ಫೋನಿನಲ್ಲಿ ಬೈದೆ, ನೆಲಕ್ಕೆ ಬಿಡಿ ಅದನ್ನು ಎಂದೆ.

"ಹಂಗ ಬಿಟ್ರ ನಂಗೂ ಆ ಕಂಪನಿಗೂ ಏನು ಫರಕ್ ಉಳೀತ್ರಿ?" ಎಂದರು.

ಒಂದು ಭಾನುವಾರ ಒಡೆದು ಮನೆಗೆ ಬಂದು ಮಲಗಿದವರು ಸೋಮವಾರ ಏಳಲಿಲ್ಲವಂತೆ. ಇಷ್ಟನ್ನು ಹೇಳಿದವಳು ನಿಲ್ದಾಣದ ಶೇಂಗಾ ಮಾರುವವಳು.

ನಾನು ರಾಯಚೂರು ಬಸ್ಸು ಬಿಟ್ಟು ಅವರ ಮನೆಗೆ ಹೋದೆ. ಅವತ್ತೂ ಭಾನುವಾರ. ಮಗ ಬಾಗಿಲಿಗೆ ಬೀಗ ಹಾಕುತ್ತಿದ್ದ, ಕಾಲ ಬಳಿ ಗೋಣಿಯಲ್ಲಿ ಸುತ್ತಿದ ಹಾರೆ, ಸುತ್ತಿಗೆ. ನನ್ನನ್ನು ನೋಡಿ ಎರಡೂ ಕೈ ಮುಗಿದ. ಹೊಲಿಗೆಯ ಗುರುತಿನ ಸುಣ್ಣದ ತುಂಡಿನಿಂದ ಬಾಗಿಲಿಗೇ ಬರೆದ: ಬಾಗಲವಾಡ. ಬರ್ತೀರಾ?

ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ನಾನು ಚೀಲಕ್ಕೆ ಕೈ ಹಾಕುವ ಮೊದಲೇ ಅವನು ಎರಡು ಬೆರಳು ತೋರಿಸಿ ರೊಕ್ಕ ಕೊಟ್ಟ. ನನ್ನ ಟಿಕೀಟನ್ನೂ ಅವನೇ ತೆಗೆಸಿದ. ಜಾಲಿಗಿಡದ ನೆರಳಿನಲ್ಲಿ ಕೇಳಿದ ಪ್ರಶ್ನೆಯ ಉತ್ತರ ನನ್ನ ಕೈಯಲ್ಲಿತ್ತು, ಕೇಳಿದವರು ಇರಲಿಲ್ಲ. ಇಷ್ಟು ಸಣ್ಣ ಚೀಟಿಗಾಗಿ ಅವರು ಅಷ್ಟು ಎತ್ತರದ ಕಬ್ಬಿಣ ಕೊಳ್ಳಬೇಕಿತ್ತೇ ಎಂದು ಸಂಕಟವಾಯಿತು. ಬಾಗಲವಾಡ ಹತ್ತಿರ ಬಂದಂತೆ ಹಿಂದಿನ ಸೀಟಿನವರು "ಹಲೋ, ಹಲೋ" ಎನ್ನಲು ಹತ್ತಿದರು. ಪಕ್ಕದ ಟವರ್ ಸಾಕು ಎಂದಿತ್ತು ಕಂಪನಿ. ಸಾಕಾಗಿರಲಿಲ್ಲ.

ಹೊಲಕ್ಕೆ ಹೋದ ಕೂಡಲೇ ಮಗ ಅಂಗಿ ಕಳಚಿ ಕಟ್ಟೆ ಹತ್ತಿದ. ಕಟ್ಟೆಯ ಒಂದು ಮೂಲೆ ಮಾತ್ರ ಇಲಿ ತಿಂದ ರೊಟ್ಟಿಯ ಹಾಗೆ ಹರಿದಿತ್ತು. ಉಳಿದದ್ದರ ಮೇಲೆ ಕೆಂಪು ಮೆಣಸಿನಕಾಯಿ ಒಣಗಿಸಿದ್ದರು. ಅಜ್ಜಿ ಹಟ್ಟಿಯಿಂದ ಬಂದು ನನ್ನ ಮೊಣಕೈ ಹಿಡಿದಳು.

"ನೀನರ ಹೇಳವ್ವಾ. ಅಪ್ಪ ಒಡದು ಒಡದು ಸತ್ತ, ಈಗ ಮಗ ಹತ್ಯಾನ. ನಂಗೇನು ಆ ತುಂಡು ಹೊಲ ಬ್ಯಾಡ. ಮೆಣಸಿನಕಾಯಿ ಒಣಗಸಾಕ ಕಟ್ಟಿ ಚಲೋ ಆಗ್ಯದ, ಇರ್ಲಿ ಅಂತ ಅವ್ರಿಗೂ ನೂರು ಸಲ ಹೇಳೀನಿ. ಕೇಳಲಿಲ್ಲ. ಇವಂಗ ಹೆಂಗ ಹೇಳ್ಬೇಕು ನಂಗ ತಿಳಿವಲ್ದು."

ಹೇಳುತ್ತೇನೆ ಎಂದೆ. ಈ ಸಲ ಹೇಳಿಯೇ ತೀರುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ. ಅಪ್ಪನಿಗೆ ಹೇಳದ್ದನ್ನು ಮಗನಿಗಾದರೂ ಹೇಳಬೇಕು.

ಕಟ್ಟೆಯ ಹತ್ತಿರ ಹೋಗಿ, "ಬ್ಯಾಡಪ್ಪಾ," ಎಂದೆ. ಅವನ ಬೆನ್ನು ನನ್ನ ಕಡೆಗಿತ್ತು. "ಬ್ಯಾಡ, ಬಿಡು," ಎಂದು ಜೋರಾಗಿ ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು, ಯಾರಿಗೆ ಒದರುತ್ತಿದ್ದೇನೆ ಎಂದು. ಅವನು ಸುತ್ತಿಗೆ ಇಳಿಸಿ, ದಣಿವಾರಿಸಿಕೊಳ್ಳಲು ಆಚೆ ಮೂಲೆಯ ಬೋಲ್ಟಿನ ಮೇಲೆ ಅಂಗೈ ಊರಿ ನಿಂತ. ನನಗೆ ಬೇರೆ ದಾರಿ ಹೊಳೆಯಲಿಲ್ಲ. ಕೆಳಗಿದ್ದ ಕಾಂಕ್ರೀಟಿನ ಚೂರು ತೆಗೆದುಕೊಂಡು, ನನ್ನ ಕಡೆಯ ಬೋಲ್ಟಿಗೆ ಎರಡು ಸಲ ಬಡಿದೆ.

ಅವನು ತಟ್ಟನೆ ತಿರುಗಿದ.

ಆ ಮುಖವನ್ನು ನಾನು ನೋಡಬಾರದಿತ್ತು. ಕಣ್ಣು ಅಗಲವಾಗಿ, ಬಾಯಿ ಅರ್ಧ ತೆರೆದು, ನನ್ನನ್ನು ದಾಟಿ ನನ್ನ ಹಿಂದೆ ಯಾರನ್ನೋ ಹುಡುಕಿದ. ಹಿಂದೆ ಖಾಲಿ ಹೊಲ, ಅಜ್ಜಿಯ ಕುರಿಗಳು. ಆಮೇಲೆ ನನ್ನ ಕೈಯಲ್ಲಿದ್ದ ಚೂರು ನೋಡಿದ.

ನಾನು ಅದನ್ನು ಕೆಳಗೆ ಹಾಕಿದೆ. ಏನು ಎಂಬಂತೆ ಅವನು ಹುಬ್ಬು ಏರಿಸಿದ, ಹೇಳಲಿ ಎಂದು ಕಾದು ನಿಂತ. ನಾನು ಏನಿಲ್ಲ ಎಂದು ತಲೆಯಾಡಿಸಿ, ಚೀಲದಿಂದ ನೀರಿನ ಬಾಟಲಿ ತೆಗೆದು ಅವನ ಕಡೆ ಚಾಚಿದೆ. ಅವನು ಕುಡಿದು, ಬಾಟಲಿ ವಾಪಸು ಕೊಟ್ಟು, ಮತ್ತೆ ಸುತ್ತಿಗೆ ಎತ್ತಿದ.